ಮಲ್ಲಿಗೆಗೆ ಮದುರೈ ಕ್ಯಾಲೆಂಡರ್ ಯಾಕೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮಲ್ಲಿಗೆ ಬೆಳೆಸುವ ಮನೆಗಳಿಗೆ ಹೋದರೆ ನಮಗೆ ಕೇಳುವ ಮಾತು ಒಂದೇ: 'ಗಿಡ ಹಚ್ಚ ಹಸಿರು, ಹೂವೇ ಇಲ್ಲ.' ಜಗಲಿಯ ಮೂಲೆಯಲ್ಲಿ ನೋಡಿದರೆ 17:17:17ರ ಚೀಲ. ಸಸಿಗೂ ಅದೇ, ಚಿಗುರಿಗೂ ಅದೇ, ಮೊಗ್ಗಿಗೂ ಅದೇ. ಎಲೆ ಬೆಳೆಸುವುದೇ ಗುರಿಯಾದರೆ ಸರಿ. ಆದರೆ ಎಲೆಯನ್ನು ಯಾರೂ ಅಟ್ಟೆ ಲೆಕ್ಕದಲ್ಲಿ ಕೊಳ್ಳುವುದಿಲ್ಲವಲ್ಲ!

ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ನೋಡಿ. ಗಿಡಕ್ಕೆ 10 ಕಿಲೋ ಹಟ್ಟಿಗೊಬ್ಬರ, 60 ಗ್ರಾಂ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ತಲಾ 120 ಗ್ರಾಂ. ಅಂದರೆ ಹೂವಿನ ಗಿಡಕ್ಕೆ ಸಾರಜನಕ ಅರ್ಧ ಸಾಕು. 17:17:17ರಲ್ಲಿ ಮೂರೂ ಸಮ. ಪೊಟ್ಯಾಷ್ ಪೂರ್ತಿ ಕೊಡಲು ಹೊರಟರೆ ಸಾರಜನಕ ದುಪ್ಪಟ್ಟಾಗುತ್ತದೆ.

ಇನ್ನೊಂದು ಎಡವಟ್ಟು ತಿಂಗಳಿನದು. ಅದೇ ಶಿಫಾರಸಿನಲ್ಲಿ ಒಂದು ಕಂತು ನವೆಂಬರಿನಲ್ಲಿ ಸವರಿದಾಗ, ಇನ್ನೊಂದು ಜೂನ್-ಜುಲೈಯಲ್ಲಿ. ಮದುರೈಗೆ ಅದು ಒಪ್ಪುತ್ತದೆ, ಅಲ್ಲಿ ಜೋರು ಮಳೆ ಅಕ್ಟೋಬರ್ ನಂತರ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿಯ ಮಳೆಗೆ ಹಾಕಿದ ಯೂರಿಯಾ ಗಿಡಕ್ಕಲ್ಲ, ತೋಡಿಗೆ. ಮೊಬೈಲಿನಲ್ಲಿ ಬಂದ ವೇಳಾಪಟ್ಟಿಯನ್ನು ಹಾಗೇ ಫಾರ್ವರ್ಡ್ ಮಾಡುವವರು ಇದನ್ನು ಯೋಚಿಸಿದ್ದಾರಾ?

ನಮ್ಮ ವಾದ ಇಷ್ಟು. ಎಳೆ ಸಸಿಗೆ ಕಾಂಪೋಸ್ಟ್, ಸ್ವಲ್ಪ ಸಾರಜನಕ ಬೇಕು, ರೆಂಬೆ ಕಟ್ಟಬೇಕಲ್ಲ. ಮಳೆ ಬಿಟ್ಟ ಮೇಲೆ ಸವರಿ. ನಮ್ಮ ಮುರಕಲ್ಲು ಮಣ್ಣು ಹುಳಿ, ಹಾಕಿದ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿ, ಬೇಕಿದ್ದರೆ ಮೊದಲು ಸುಣ್ಣ, ಎರಡು ಮೂರು ವಾರ ಬಿಟ್ಟು ಹಟ್ಟಿಗೊಬ್ಬರ. ಚಿಗುರು ಬರುವಾಗ ನೆನೆಸಿ ಕೊಳೆಸಿದ ನೆಲಗಡಲೆ ಹಿಂಡಿಯ ನೀರು. ಮೊಗ್ಗು ಅಕ್ಕಿಕಾಳಿನಷ್ಟು ಕಂಡ ಕೂಡಲೇ ಸಾರಜನಕ ಕಡಿಮೆ ಮಾಡಿ, ಪೊಟ್ಯಾಷ್ ಕೊಡಿ. ಬಚ್ಚಲೊಲೆಯ ಬೂದಿಯಲ್ಲೂ ಪೊಟ್ಯಾಷ್ ಇದೆ, ಅದಕ್ಕೆ ಬಿಲ್ ಇಲ್ಲ! ಆದರೆ ಬೂದಿ, ಯೂರಿಯಾ ಒಟ್ಟಿಗೆ ಬೇಡ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಟೆರೇಸಿನ ಕುಂಡಕ್ಕೆ ಬೂದಿ ಒಂದು ಚಿಟಿಕೆ ಮೀರಬಾರದು. ಒಣ ಮಣ್ಣಿಗೆ ರಾಸಾಯನಿಕ ಗೊಬ್ಬರ ಬಿದ್ದರೆ ಬೇರು ಸುಡುತ್ತದೆ, ಮೊದಲು ನೀರು ಹಾಕಿ.

800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಬೇಗ ಎದ್ದು ಆ 3200 ಮೊಗ್ಗು ಕೊಯ್ದು ಕಟ್ಟುವವರು ಹೆಚ್ಚಾಗಿ ಮನೆಯ ಹೆಂಗಸರು. ಮದುವೆ ಸೀಸನ್‌ಗೆ ದರ ಏರುವಾಗ ಗಿಡದಲ್ಲಿ ಬರೀ ಎಲೆ ಇದ್ದರೆ ನಷ್ಟ ಅವರ ಕೈಖರ್ಚಿಗೆ. 'ಹೂ ಬರುವ ಟಾನಿಕ್' ಎಂದು ಅಂಗಡಿಯವರು ಕೊಟ್ಟದ್ದನ್ನೆಲ್ಲ ತರುವ ಗಂಡಸರು ಡಬ್ಬಿಯ ಮೇಲಿನ ಮೂರು ಅಂಕಿಯನ್ನಾದರೂ ಅವರಿಗೆ ಓದಿ ಹೇಳಲಿ.