ಬಣ್ಣ ಹೋದ ಬುಗಾಟಿ

ಹಳೆಯ ಕಾರುಗಳಿಗೂ ಸೌಂದರ್ಯ ಸ್ಪರ್ಧೆಯುಂಟು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಮುದ್ರದಂಡೆಯ ಪೆಬಲ್ ಬೀಚ್ ಎಂಬಲ್ಲಿ 1950ರಿಂದ ಅದು ನಡೆದುಬಂದಿದೆ. ಆಗಸ್ಟ್ ತಿಂಗಳ ಒಂದು ಭಾನುವಾರ ಗಾಲ್ಫ್ ಮೈದಾನದ ಹಸಿರು ಹುಲ್ಲಿನ ಮೇಲೆ ಸುಮಾರು 200 ಕಾರುಗಳು ಸಾಲಾಗಿ ನಿಲ್ಲುತ್ತವೆ. ತೀರ್ಪುಗಾರರು ಬಂದು ದೀಪ ಹೊತ್ತಿಸಿ ನೋಡುತ್ತಾರೆ, ಹಾರ್ನ್ ಒತ್ತಿಸುತ್ತಾರೆ, ತಪ್ಪು ಕಂಡಲ್ಲಿ ಅಂಕ ಕಳೆಯುತ್ತಾರೆ. ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಯನ್ನೂ ನಾವು ಇಷ್ಟು ನಿಗಾ ಇಟ್ಟು ತಿದ್ದುವುದಿಲ್ಲ!

ಉಳ್ಳವರ ಷೋಕಿ ಎಂದು ಮೂಗು ಮುರಿಯಲು ನಾನು ಹೊರಟಿಲ್ಲ. ದುಡ್ಡಿದ್ದವರು ಹಳೆಯ ವಸ್ತುವನ್ನು ಕಾಪಾಡಿಕೊಂಡರೆ ಒಳ್ಳೆಯದೇ. ನನ್ನ ತಕರಾರು ಬೇರೆ.

ಅಲ್ಲಿ ಬಹುಕಾಲ ಮೊದಲ ಬಹುಮಾನ ಹೋಗುತ್ತಿದ್ದುದು ಹೊಸದರಂತೆ ಥಳಥಳಿಸುವ ಹಾಗೆ ದುರಸ್ತಿ ಮಾಡಿಸಿದ ಕಾರುಗಳಿಗೆ. 2024ರಲ್ಲಿ ಮೊದಲ ಬಾರಿಗೆ, ಹಾಗೆ ಹೊಸದು ಮಾಡದೆ ಇದ್ದಂತೆಯೇ ಉಳಿಸಿಕೊಂಡ ಕಾರೊಂದು ಗೆದ್ದಿತು. ಅದು 1934ರ ಬುಗಾಟಿ ಟೈಪ್ 59, ಪಂದ್ಯದ ಕಾರು. ತಯಾರಾದ ವರ್ಷವೇ ಬೆಲ್ಜಿಯಂ ಗ್ರ್ಯಾನ್ ಪ್ರಿ ಗೆದ್ದು, ಮುಂದೆ ಬೆಲ್ಜಿಯಂ ದೊರೆ ಮೂರನೆಯ ಲಿಯೊಪೋಲ್ಡನ ಕೈ ಸೇರಿದ್ದು. ದೊರೆಯ ಕಾಲದ ಕಪ್ಪು ಬಣ್ಣ ಸವೆದು ಎದ್ದುಹೋಗಿದೆ. ಅದನ್ನು ಮುಟ್ಟಬಾರದಂತೆ, ಅದೇ ಇತಿಹಾಸವಂತೆ. ಸಂತೋಷ. ನಮ್ಮಲ್ಲಿ ಹೆಂಗಸೊಬ್ಬಳು ತಲೆಗೆ ಬಣ್ಣ ಹಚ್ಚದೆ ಮದುವೆ ಮನೆಗೆ ಹೋದರೆ ಏನೇನು ಕೇಳಿಸಿಕೊಳ್ಳಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಬುಗಾಟಿ ಕಾರುಗಳನ್ನು ಹೆಂಗಸರೂ ಓಡಿಸಿದ್ದಾರೆ. ಜೆಕ್ ದೇಶದ ಎಲಿಷ್ಕಾ ಯುಂಕೋವಾ 1928ರಲ್ಲಿ ಸಿಸಿಲಿಯ ಬೆಟ್ಟದ ದಾರಿಯ ಟಾರ್ಗಾ ಫ್ಲೋರಿಯೋ ಪಂದ್ಯದಲ್ಲಿ ಘಟಾನುಘಟಿ ಗಂಡಸರ ನಡುವೆ ಐದನೆಯವಳಾಗಿ ಬಂದಳು. ಅದೇ ವರ್ಷ ಜರ್ಮನಿಯ ಪಂದ್ಯವೊಂದರಲ್ಲಿ ಗಂಡ ಸತ್ತ. ಆಕೆ ಪಂದ್ಯ ಬಿಟ್ಟಳು.

ಹೆಲೆ ನೀಸ್ ಎಂಬವಳ ಕಥೆ ಇನ್ನೂ ಕಹಿ. ಫ್ರಾನ್ಸಿನ ಹಳ್ಳಿಯೊಂದರ ಅಂಚೆ ನೌಕರನ ಮಗಳು, ಪ್ಯಾರಿಸ್ಸಿನಲ್ಲಿ ನರ್ತಕಿಯಾಗಿದ್ದವಳು. 1929ರ ಡಿಸೆಂಬರಿನಲ್ಲಿ ಬುಗಾಟಿಯಲ್ಲಿ ಕೂತು ಗಂಟೆಗೆ 190 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ದಾಖಲೆ ಮಾಡಿದಳು. 1936ರಲ್ಲಿ ಬ್ರೆಜಿಲಿನ ಸಾವೊ ಪಾವ್ಲೊದಲ್ಲಿ ಭೀಕರ ಅಪಘಾತವಾಗಿ ಪ್ರಜ್ಞೆಯಿಲ್ಲದೆ ಬಿದ್ದಿದ್ದು ಬದುಕಿ ಬಂದಳು. ಆಕೆಯನ್ನು ಮುಗಿಸಿದ್ದು ಅಪಘಾತವಲ್ಲ, ಒಂದು ಮಾತು. 1949ರಲ್ಲಿ ಮಾಂಟೆ ಕಾರ್ಲೊದ ಸಂತೋಷಕೂಟದಲ್ಲಿ, ಹೆಸರಾಂತ ಪಂದ್ಯ ಚಾಲಕ ಲೂಯಿ ಶಿರೋನ್ ಎಲ್ಲರೆದುರು ಆಕೆಯನ್ನು ಜರ್ಮನ್ ಗೆಸ್ಟಾಪೋದವಳೆಂದು ದೂರಿದ. ಪುರಾವೆ ಕೊಡಲಿಲ್ಲ; ಇಂದಿಗೂ ಸಿಕ್ಕಿಲ್ಲ. ಹಣ ಕೊಡುತ್ತಿದ್ದವರು ಕೈಬಿಟ್ಟರು. ನೀಸ್ ಪಟ್ಟಣದಲ್ಲಿ ಧರ್ಮದ ದುಡ್ಡಿನಲ್ಲಿ ದಿನ ನೂಕಿ 1984ರಲ್ಲಿ ಸತ್ತಳು. ಮನೆಯವರ ಸಮಾಧಿಯ ಕಲ್ಲಿನ ಮೇಲೆ ಆಕೆಯ ಹೆಸರು ಬರಲಿಲ್ಲ.

ಬುಗಾಟಿ ಕಂಪನಿ 2016ರಲ್ಲಿ ತನ್ನ ಹೊಸ ಕಾರಿಗೆ ಇಟ್ಟ ಹೆಸರು ಯಾವುದು ಗೊತ್ತೇ? ಶಿರೋನ್.

ಇದು ಕಾರುಗಳ ಸ್ಪರ್ಧೆ, ಮನುಷ್ಯರದಲ್ಲ ಎಂದು ಯಾರಾದರೂ ವಾದಿಸಬಹುದು. ಹಾಗಿದ್ದರೆ ದೊರೆಯ ಹೆಸರನ್ನೇಕೆ ಅಷ್ಟು ಭಕ್ತಿಯಿಂದ ಹೇಳುತ್ತೀರಿ? ಹಳೆಯ ಕಾರಿನ ಲೋಕದಲ್ಲಿ ಚಾಸಿ ನಂಬರಿನಿಂದ ಹಿಡಿದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ವಂಶಾವಳಿಯೆಲ್ಲ ಬರೆದಿಡುತ್ತಾರೆ. ಕಾರಿನ ಬೆಲೆ ಏರುವುದೂ ಅದರಿಂದಲೇ. ಕೊಂಡವನ ಹೆಸರಿಗೆ ಬೆಲೆಯಿರುವಲ್ಲಿ ಜೀವ ಪಣಕ್ಕಿಟ್ಟು ಓಡಿಸಿದವಳ ಹೆಸರಿಗೇಕಿಲ್ಲ?

ಇದರ ಬೇರು ಹಳೆಯದು. 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಇಂಥ ಪ್ರದರ್ಶನ ನಡೆಯುತ್ತಿದ್ದಾಗ ಕಾರಿಗೆ ಒಪ್ಪುವ ಉಡುಪು ತೊಡಿಸಿ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಸೀರೆಗೆ ಒಪ್ಪುವ ಬಳೆ ನಾವು ಹುಡುಕುತ್ತೇವಲ್ಲ, ಹಾಗೆ; ಅಲ್ಲಿ ಸೀರೆ ಕಾರು, ಬಳೆ ಹೆಂಗಸು.

ಪಂದ್ಯದ ಹಳೆಯ ಕಾರು ಹುಲ್ಲಿನ ಮೇಲೆ ಬಂದಾಗ, ಅದನ್ನು ಓಡಿಸಿದವರೆಲ್ಲರ ಹೆಸರೂ ಅದರ ಮುಂದಿನ ಫಲಕದಲ್ಲಿ ಒಡೆಯನ ಹೆಸರಿಗಿಂತ ಮೇಲಿರಲಿ. ಇಲ್ಲದಿದ್ದರೆ, ಕೆಟ್ಟ ಹಾರ್ನಿಗೆ ಕಳೆಯುವ ಹಾಗೆ ಅದಕ್ಕೂ ಅಂಕ ಕಳೆಯಲಿ. ಇದಕ್ಕೆ ಖರ್ಚೇನೂ ಇಲ್ಲ. ಹೆಲೆ ನೀಸಳ ಸಮಾಧಿಗೆ ಹೆಸರಿನ ಫಲಕ ಬಂದದ್ದು ಆಕೆ ಸತ್ತ 26 ವರ್ಷದ ಮೇಲೆ, 2010ರಲ್ಲಿ. ಅದನ್ನು ಹಾಕಿಸಿದವರು ಆಕೆಯ ಹೆಸರಿನ ಪ್ರತಿಷ್ಠಾನದವರು, ಕಾರು ಮಾರುವವರಲ್ಲ.