ರೆಕಾರ್ಡು ನೋಡಿದ್ದು ಸಾಕು, ಪಾಠ ನೋಡಿ!

ಬೆಳಗಿನ ಬಸ್ಸಿನಲ್ಲಿ ಬಿ.ಎಡ್. ವಿದ್ಯಾರ್ಥಿನಿಯೊಬ್ಬಳು ಸೀನಿಯರ್ ಬರೆದಿಟ್ಟ ಪಾಠಯೋಜನೆಯನ್ನು ತನ್ನ ರೆಕಾರ್ಡಿಗೆ ಇಳಿಸುತ್ತಿದ್ದಳು. 'ನಮ್ಮ ಡಿಪಾರ್ಟ್‌ಮೆಂಟಲ್ಲಿ ಮೊದಲಿಂದ್ಲೂ ಹೀಗೇ ಸಾರ್' ಅಂದಳು.

ಹಿಂದೆ ಒಂದೇ ವರ್ಷವಿದ್ದ ಬಿ.ಎಡ್. 2015ರಿಂದ ಎರಡು ವರ್ಷವಾಯಿತು. 20 ವಾರ ಶಾಲೆಯಲ್ಲೇ ಕಲಿಯಬೇಕೆಂಬ ನಿಯಮವೂ ಬಂತು. ಎಷ್ಟೋ ಕಡೆ ರೂಢಿ ಮಾತ್ರ ಅಲ್ಲಾಡಲಿಲ್ಲ. ಕಾರಣ ಸ್ಪಷ್ಟ. ಹೀಗೆ ನಕಲು ಮಾಡಿ ಪಾಸಾದವರೇ ಮುಂದೆ ಅಲ್ಲಿ ಅಧ್ಯಾಪಕರಾಗುತ್ತಾರೆ. ಹೊಸಬರು ಪ್ರಶ್ನಿಸಿದರೆ 'ಸುಮ್ನಿರ್ರೀ' ಎನ್ನುತ್ತಾರೆ. ನಾಲ್ಕು ವರ್ಷ ಕಳೆದರೆ ಆ ಹೊಸಬರೂ ಅದನ್ನೇ ಹೇಳುತ್ತಾರೆ. ಯಾರೂ ಬರೆಯದ ಈ ಕಾನೂನು ಸರ್ಕಾರದ ಕಾನೂನಿಗಿಂತ ಗಟ್ಟಿ!

ಸರಕು ನೋಡದೆ ಬರೀ ಸ್ಟಾಕ್ ಪುಸ್ತಕಕ್ಕೆ ರುಜು ಹಾಕಿದರೆ ಅಂಗಡಿ ಉಳಿದೀತೆ? ಪ್ರಾಧ್ಯಾಪಕರು ರೆಕಾರ್ಡು ಬದಿಗಿಟ್ಟು, ತರಗತಿಯ ಕೊನೇ ಬೆಂಚಿನಲ್ಲಿ ಕೂತು ಪಾಠ ನೋಡಲಿ. ನಾಳೆ ಆಕೆಯ ಎದುರು ಕೂರುವವರು ನಮ್ಮ ಮಕ್ಕಳೇ.