ಎಚ್ಚರಿಕೆಯ ದೀಪಗಳು

ಕೊಟ್ಟಿಗೆಹಾರದಿಂದ ಚಾರ್ಮಾಡಿಯ ಕಡೆಗೆ ಇಳಿಯುವ ದಾರಿಯಲ್ಲಾಗಲಿ, ಕಳಸದಿಂದ ಹೊರನಾಡಿಗೆ ಸಾಗುವ ದಾರಿಯಲ್ಲಾಗಲಿ ಮಳೆಗಾಲದಲ್ಲಿ ಒಂದು ನೋಟ ಪ್ರಯಾಣಿಕರಿಗೆ ಹೊಸದಲ್ಲ. ರಸ್ತೆಯ ಅಂಚಿನಲ್ಲಿ ಒಂದು ವಾಹನ ನಿಂತಿರುತ್ತದೆ. ಅದರ ಬಾನೆಟ್ ತೆರೆದಿರುತ್ತದೆ. ಹಿಂದಿನ ಚಕ್ರಕ್ಕೆ ಯಾರೋ ಕಲ್ಲು ಕೊಟ್ಟಿರುತ್ತಾರೆ. ದಾರಿಹೋಕರು ಏನಾಯಿತೆಂದು ಕೇಳಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: “ಇದ್ದಕ್ಕಿದ್ದ ಹಾಗೆ ನಿಂತುಹೋಯಿತು ಸ್ವಾಮಿ.” ಈ ‘ಇದ್ದಕ್ಕಿದ್ದ ಹಾಗೆ’ ಎಂಬ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ವಿಚಾರಿಸಬೇಕಾಗಿದೆ. ಯಾವ ಮುನ್ಸೂಚನೆಯೂ ಇಲ್ಲದೆ ಯಂತ್ರ ಕೆಡುವುದುಂಟು. ಆದರೆ ಅದು ಅಪರೂಪ. ಅನೇಕ ಸಂದರ್ಭಗಳಲ್ಲಿ ಚಾಲಕನ ಕಣ್ಣೆದುರಿಗೇ ಒಂದು ಪುಟ್ಟ ದೀಪ ಉರಿದಿರುತ್ತದೆ. ಆತನು ಅದನ್ನು ನೋಡಿಯೂ ಇರುತ್ತಾನೆ. ಆದರೆ ಅದರ ಅರ್ಥ ಅವನಿಗೆ ತಿಳಿದಿರುವುದಿಲ್ಲ. ತಿಳಿದಿದ್ದರೂ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರುವುದಿಲ್ಲ.

ಈ ದೀಪಗಳಿರುವ ಹಲಗೆಗೆ ಡ್ಯಾಶ್‌ಬೋರ್ಡ್ ಎಂದು ಹೆಸರು. ಹೆಸರು ಮೋಟಾರಿಗಿಂತ ಹಳೆಯದು. ಕುದುರೆಗಾಡಿಯ ಕಾಲದಲ್ಲಿ ಗೊರಸಿನಿಂದ ಸಿಡಿದ ಕೆಸರು ಸಾರಥಿಯ ಮೈಮೇಲೆ ಬೀಳದಿರಲೆಂದು ಗಾಡಿಯ ಮುಂಭಾಗಕ್ಕೆ ಜೋಡಿಸುತ್ತಿದ್ದ ಹಲಗೆಯನ್ನು ಹಾಗೆ ಕರೆಯುತ್ತಿದ್ದರು. ಕುದುರೆಯ ಸ್ಥಾನಕ್ಕೆ ಇಂಜಿನ್ ಬಂದ ಮೇಲೂ ಹಲಗೆ ಉಳಿಯಿತು. ಅದರ ಮೇಲೆ ಮುಳ್ಳುಗಳೂ ಅಂಕಿಗಳೂ ಬಂದು ಕುಳಿತವು. ಮಲೆನಾಡಿನಲ್ಲಿ ಅದಕ್ಕೂ ಮೊದಲು ಕಾಫಿಯ ಮೂಟೆಗಳನ್ನು ಸಾಗಿಸುತ್ತಿದ್ದುದು ಎತ್ತಿನ ಗಾಡಿ. ಆ ಗಾಡಿಯವನಿಗೆ ಹಲಗೆಯ ಅಗತ್ಯವಿರಲಿಲ್ಲ. ಎತ್ತಿನ ಉಸಿರು, ಬಾಯಿಯ ನೊರೆ, ಅದು ಕಾಲೂರುವ ರೀತಿ ಇವುಗಳಿಂದಲೇ ಅದರ ಆಯಾಸವನ್ನು ಅರಿಯುತ್ತಿದ್ದನು. ಅಚ್ಚು ಕಿರುಗುಟ್ಟಿದರೆ ಇಳಿದು ಕೀಲೆಣ್ಣೆ ಹಚ್ಚುತ್ತಿದ್ದನು. ಮಹೀಂದ್ರ ಕಂಪನಿಯು 1947ರಲ್ಲಿ ನಮ್ಮ ದೇಶದಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪು ಮುಂದೆ ಕಾಫಿ ತೋಟಗಳ ದಾರಿಗೆ ಬಂದಾಗ, ಅದನ್ನು ಓಡಿಸಿದವರಲ್ಲಿ ಈ ಹಳೆಯ ಅಭ್ಯಾಸ ಬಹುಕಾಲ ಉಳಿದಿತ್ತು. ಸದ್ದು ಬದಲಾದರೆ ಅವರ ಕಿವಿ ನಿಮಿರುತ್ತಿತ್ತು. ಎಣ್ಣೆಯ ಒತ್ತಡ, ನೀರಿನ ಬಿಸಿ, ವಿದ್ಯುತ್ತಿನ ಹರಿವು ಇವುಗಳನ್ನು ತೋರಿಸುವ ಮುಳ್ಳುಗಳ ಮೇಲೆ ಅವರ ಕಣ್ಣು ಆಗಾಗ ಹೋಗಿ ಬರುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಆ ಬಳಿಕ ಬಂದ ಸಣ್ಣ ಕಾರುಗಳಲ್ಲಿ ಮುಳ್ಳುಗಳು ಕಡಿಮೆಯಾಗಿ ದೀಪಗಳು ಹೆಚ್ಚಿದವು. ಇದರಿಂದ ಅನುಕೂಲವೂ ಆಯಿತು, ನಷ್ಟವೂ ಆಯಿತು. ಮುಳ್ಳು ಮೆಲ್ಲಮೆಲ್ಲನೆ ಏರುತ್ತ ಕೇಡಿನ ದಾರಿಯನ್ನು ಮೊದಲೇ ತೋರಿಸುತ್ತದೆ. ದೀಪವಾದರೋ ಕೇಡು ಬಾಗಿಲಿಗೆ ಬಂದಾಗಲೇ ಉರಿಯುತ್ತದೆ. ಏರುದಾರಿಯ ಮಲೆನಾಡಿಗೆ ಮುಳ್ಳೇ ಮೇಲಾಗಿತ್ತೆಂದು ಹೇಳಬೇಕಾಗುತ್ತದೆ. ಆದರೆ ಹೋದದ್ದಕ್ಕೆ ಹಲುಬಿ ಫಲವಿಲ್ಲ. ಇರುವ ದೀಪಗಳ ಭಾಷೆಯನ್ನಾದರೂ ಕಲಿಯುವುದು ಲೇಸು.

ಆ ಭಾಷೆ ಬಹಳ ಕಠಿಣವೇನಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಇದರ ಚಿತ್ರಗಳನ್ನೂ ಬಣ್ಣಗಳನ್ನೂ ಗೊತ್ತುಪಡಿಸಿದೆ. ಆದ್ದರಿಂದ ಜಪಾನಿನ ಕಾರಿನ ಚಿತ್ರವೂ ಪುಣೆಯಲ್ಲಿ ತಯಾರಾದ ಕಾರಿನ ಚಿತ್ರವೂ ಸುಮಾರಾಗಿ ಒಂದೇ ತೆರನಾಗಿರುತ್ತವೆ. ಕೆಂಪು ಅಪಾಯವನ್ನು ತಿಳಿಸುತ್ತದೆ, ಹಳದಿ ಎಚ್ಚರಿಸುತ್ತದೆ. ಹಸಿರು ಎಲ್ಲವೂ ಸರಿಯಾಗಿ ನಡೆಯುತ್ತಿದೆಯೆಂದು ಹೇಳುತ್ತದೆ. ನೀಲಿ ಉರಿದರೆ ಮುಂದಿನ ದೊಡ್ಡ ದೀಪಗಳ ಬೆಳಕು ಎತ್ತರಕ್ಕೆ ಹರಿದು ಎದುರಿನವರ ಕಣ್ಣು ಕುಕ್ಕುತ್ತಿದೆಯೆಂದು ತಿಳಿಯಬೇಕು. ಇಷ್ಟನ್ನು ಒಂದು ಗಂಟೆಯಲ್ಲಿ ಕಂಠಪಾಠ ಮಾಡಬಹುದು. ಆದರೆ ದೀಪದ ಹಿಂದೆ ಏನು ನಡೆಯುತ್ತಿದೆಯೆಂಬುದನ್ನು ಅರಿಯದಿದ್ದರೆ ಕಂಠಪಾಠದಿಂದ ಪ್ರಯೋಜನವಾಗದು. ಎಣ್ಣೆಯ ದೀಪವೇ ಇದಕ್ಕೆ ಸಾಕ್ಷಿ.

ಸೊಂಡಿಯುಳ್ಳ ಗಿಂಡಿ, ಅದರ ತುದಿಯಲ್ಲಿ ಒಂದು ಹನಿ — ಇದು ಆ ದೀಪದ ಚಿತ್ರ. ಇದು ಕೆಂಪಾಗಿ ಉರಿದಾಗ, “ಎಣ್ಣೆ ಕಡಿಮೆಯಾಗಿದೆ, ಮೂಡಿಗೆರೆಗೆ ಹೋಗಿ ಒಂದು ಲೀಟರ್ ಹಾಕಿಸಿದರಾಯಿತು” ಎಂದು ಭಾವಿಸುವವರು ಅನೇಕರು. ಡೀಸೆಲ್ ಮುಗಿಯುತ್ತ ಬಂದಾಗ ಉರಿಯುವ ದೀಪದಂತೆಯೇ ಇದೂ ಒಂದೆಂದು ಅವರ ಎಣಿಕೆ. ಈ ಎಣಿಕೆ ಶುದ್ಧ ತಪ್ಪು. ಕೆಂಪು ಗಿಂಡಿ ಎಣ್ಣೆಯ ಪ್ರಮಾಣವನ್ನು ಕುರಿತು ಹೇಳುತ್ತಿಲ್ಲ, ಒತ್ತಡವನ್ನು ಕುರಿತು ಹೇಳುತ್ತಿದೆ. ಇಂಜಿನ್ನಿನ ತಳದಲ್ಲಿರುವ ಎಣ್ಣೆಯನ್ನು ಒಂದು ಪಂಪು ಮೇಲೆತ್ತಿ, ತಿರುಗುವ ಭಾಗಗಳ ನಡುವೆ ನೂಕುತ್ತಿರುತ್ತದೆ. ಕೂದಲೆಳೆಗಿಂತ ತೆಳ್ಳಗಿನ ಆ ಎಣ್ಣೆಯ ಪದರದ ಮೇಲೆಯೇ ನಿಮಿಷಕ್ಕೆ ಸಾವಿರಾರು ಸಲ ಸುತ್ತುವ ದಂಡ ತೇಲುತ್ತಿರುತ್ತದೆ. ಒತ್ತಡ ಇಲ್ಲವಾದೊಡನೆ ಲೋಹಕ್ಕೆ ಲೋಹ ಉಜ್ಜುತ್ತದೆ. ಕೆಲವೇ ನಿಮಿಷಗಳಲ್ಲಿ ಇಂಜಿನ್ ಬಿಗಿದು ನಿಲ್ಲುತ್ತದೆ. ಇದನ್ನೇ ಚಾಲಕರು ‘ಸೀಜ್ ಆಯಿತು’ ಎನ್ನುವುದು. ಆದುದರಿಂದ ಈ ದೀಪ ಕಂಡಲ್ಲಿ ಮೂಡಿಗೆರೆಯಿರಲಿ, ಮುಂದಿನ ತಿರುವಿನವರೆಗೂ ಹೋಗದೆ, ಬದಿಗೆ ನಿಲ್ಲಿಸಿ ಇಂಜಿನ್ ಆರಿಸಬೇಕು. ಗುಡ್ಡಗಾಡಿನ ರಸ್ತೆ ಇಲ್ಲಿ ಒಂದು ಉಪಕಾರವನ್ನೂ ಮಾಡುತ್ತದೆ. ಎಣ್ಣೆ ಕಡಿಮೆಯಿರುವ ವಾಹನ ಕಡಿದಾದ ಏರನ್ನು ಹತ್ತುವಾಗ ಎಣ್ಣೆಯೆಲ್ಲ ಹಿಂದಕ್ಕೆ ಸರಿದು, ಪಂಪು ಗಾಳಿಯನ್ನು ಹೀರಿ, ದೀಪ ಒಮ್ಮೆ ಮಿನುಗಿ ಆರುತ್ತದೆ. ಸಮತಟ್ಟಾದ ನೆಲಕ್ಕೆ ಬಂದೊಡನೆ ಆರಿತಲ್ಲ ಎಂದು ಸಮಾಧಾನಪಡುವವರುಂಟು. ತಿಳಿದವರಾದರೆ ಇಂಜಿನ್ ಆರಿಸಿ, ಸ್ವಲ್ಪ ಹೊತ್ತು ಕಾದು, ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಪರೀಕ್ಷಿಸುತ್ತಾರೆ.

ಬ್ಯಾಟರಿಯ ಚಿತ್ರವೂ ಇಂಥದೇ ಮೋಸದ ಚಿತ್ರ. ಅದು ಉರಿದಾಗ ಬ್ಯಾಟರಿ ಕೆಟ್ಟಿದೆಯೆಂದು ಹೊಸ ಬ್ಯಾಟರಿ ಕೊಂಡವರುಂಟು. ವಾಸ್ತವವಾಗಿ ಆ ದೀಪ ಹೇಳುವುದು, ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ತುಂಬುವ ಆಲ್ಟರ್ನೇಟರಿನ ಕೆಲಸ ನಿಂತಿದೆಯೆಂದು. ಅದನ್ನು ತಿರುಗಿಸುವ ಬೆಲ್ಟು ಹರಿದಿರುವುದೂ ಇದಕ್ಕೆ ಒಂದು ಕಾರಣ. ಅನೇಕ ವಾಹನಗಳಲ್ಲಿ ಇಂಜಿನ್ನನ್ನು ತಂಪಾಗಿಡುವ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಹಾಗಿದ್ದಲ್ಲಿ ಬ್ಯಾಟರಿಯ ದೀಪದ ಹಿಂದೆಯೇ ಬಿಸಿಯ ದೀಪವೂ ಬರುತ್ತದೆ. ಮಂಜು ಮುಸುಕಿದ ರಾತ್ರಿ, ಮುಂದಿನ ದೀಪ, ಗಾಜೊರೆಸುವ ವೈಪರ್ ಎರಡೂ ನಡೆಯುತ್ತಿರುವಾಗ ಬ್ಯಾಟರಿ ಎಷ್ಟು ಹೊತ್ತು ತಾಳೀತು? ಬೆಳಕೇ ಇಲ್ಲದೆ ಘಟ್ಟದ ತಿರುವಿನಲ್ಲಿ ನಿಲ್ಲುವ ವಾಹನ ತನಗೂ ಅಪಾಯ, ಹಿಂದೆ ಬರುವ ಲಾರಿಗೂ ಅಪಾಯ.

ಬಿಸಿಯ ದೀಪ ಉರಿದಾಗ ಅಡುಗೆಮನೆಯ ಕುಕ್ಕರನ್ನು ನೆನೆಯುವುದು ಒಳ್ಳೆಯದು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಆದರೆ ರೇಡಿಯೇಟರಿನ ಮುಚ್ಚಳ ಕುಕ್ಕರಿನ ಮುಚ್ಚಳದಂತೆ ಒತ್ತಡವನ್ನು ಹಿಡಿದಿಡುವುದರಿಂದ, ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ. ಅವಸರದಲ್ಲಿ ಮುಚ್ಚಳವನ್ನು ತಿರುಗಿಸಿದರೆ ಒತ್ತಡ ತಟ್ಟನೆ ಇಳಿದು, ಎಲ್ಲ ನೀರೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ಆವಿ ಇಳಿಯುವವರೆಗೆ ಕಾಯುವ ಮನೆಯವರು ರೇಡಿಯೇಟರಿನ ಮುಂದೆ ಏಕೆ ಕಾಯುವುದಿಲ್ಲವೋ ತಿಳಿಯದು. ಅರ್ಧ ಗಂಟೆ ಕಳೆದು, ಕೈ ಮುಟ್ಟುವಷ್ಟು ತಣ್ಣಗಾದ ಮೇಲೆಯೇ ಅದನ್ನು ತೆರೆಯತಕ್ಕದ್ದು.

ಇನ್ನು ಬ್ರೇಕು. ಬೆಟ್ಟದ ನಾಡಿನಲ್ಲಿ ಪ್ರಾಣ ನಿಂತಿರುವುದು ಇದರ ಮೇಲೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬುದು ಪಾಸ್ಕಲನ ನಿಯಮ. ವಿಜ್ಞಾನದ ಪಾಠದಲ್ಲಿ ಬರುವ ಈ ನಿಯಮವೇ ಚಾಲಕನ ಕಾಲಿನ ಬಲವನ್ನು ನಾಲ್ಕು ಚಕ್ರಗಳಿಗೂ ಮುಟ್ಟಿಸುತ್ತದೆ. ಆ ದ್ರವದ ಮಟ್ಟ ಇಳಿದರೆ ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಕೆಂಪು ದೀಪ ಉರಿಯುತ್ತದೆ. ಅನೇಕ ವಾಹನಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಉರಿಯುವುದು ಇದೇ ದೀಪ. ಎರಡು ಸಂಗತಿಗಳಿಗೆ ಒಂದೇ ದೀಪವಾದುದರಿಂದ, “ಹ್ಯಾಂಡ್‌ಬ್ರೇಕ್ ಸ್ವಲ್ಪ ಹಿಡಿದಿರಬೇಕು” ಎಂದು ತಳ್ಳಿಹಾಕುವುದು ಸುಲಭವಾಗುತ್ತದೆ. ಪೂರ್ತಿ ಇಳಿಸಿದ ಮೇಲೂ ಉರಿದರೆ, ಅಥವಾ ತಿರುವಿನಲ್ಲಿ ದ್ರವ ಒಂದು ಬದಿಗೆ ತುಳುಕಿದಾಗಲೆಲ್ಲ ಮಿನುಗಿದರೆ, ಬ್ರೇಕಿನ ಪ್ಯಾಡು ಸವೆದಿರಬೇಕು ಇಲ್ಲವೆ ದ್ರವ ಸೋರುತ್ತಿರಬೇಕು. ಅಂಥ ವಾಹನವನ್ನು ಘಟ್ಟಕ್ಕೆ ಇಳಿಸಲೇಬಾರದು.

ಇಷ್ಟಾದರೂ ಈ ದೀಪಕ್ಕೆ ಎಲ್ಲವೂ ಕಾಣುವುದಿಲ್ಲ. ಚಾರ್ಮಾಡಿಯ ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಚಕ್ರದ ಬಳಿಯ ಬಿಸಿ ಏರಿ, ನೀರಿನಂಶ ಹೀರಿಕೊಂಡ ಹಳೆಯ ದ್ರವ ಕುದಿಯತೊಡಗುತ್ತದೆ. ದ್ರವದ ನಡುವೆ ಆವಿಯ ಗುಳ್ಳೆಗಳೆದ್ದು ಪೆಡಲು ಮೆತ್ತಗಾಗುತ್ತದೆ. ಮಟ್ಟ ಇಳಿದಿಲ್ಲವಾದುದರಿಂದ ದೀಪ ಉರಿಯುವುದಿಲ್ಲ. ಡೀಸೆಲ್ ಉಳಿಸಲೆಂದು ಇಂಜಿನ್ ಆರಿಸಿ ಘಟ್ಟ ಇಳಿಸುವ ಕೆಟ್ಟ ಚಾಳಿಯಂತೂ ಇನ್ನೂ ಭಯಂಕರವಾದುದು. ಬ್ರೇಕಿಗೆ ಬಲ ಕೊಡುವ ನಿರ್ವಾತ ದೊರೆಯುವುದು ಇಂಜಿನ್ ನಡೆಯುತ್ತಿರುವಾಗ. ಅದು ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲು ಕಲ್ಲಾಗುತ್ತದೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂದು ಹಳೆಯ ಚಾಲಕರು ಹೇಳುತ್ತಿದ್ದುದರಲ್ಲಿ ಈ ವಿಜ್ಞಾನವೆಲ್ಲ ಅಡಗಿತ್ತು.

ಹೊಸ ವಾಹನಗಳಲ್ಲಿ ದೀಪಗಳ ಸಂಖ್ಯೆ ಹೆಚ್ಚಿದೆ. ಅವುಗಳಲ್ಲಿ ಕೆಲವಕ್ಕೆ ಮಲೆನಾಡಿನ ಪರಿಚಯವೇ ಇಲ್ಲವೇನೋ ಎನ್ನಿಸುತ್ತದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್ 6 ನಿಯಮಕ್ಕೆ ಅನುಗುಣವಾದ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವಿದೆ. ಹಿಡಿದ ಮಸಿ ಸುಟ್ಟು ಹೋಗಬೇಕಾದರೆ ವಾಹನ ಸ್ವಲ್ಪ ಹೊತ್ತು ಒಂದೇ ಸಮನೆ ವೇಗವಾಗಿ ಓಡಬೇಕು. ಲೈನುಮನೆಯಿಂದ ತೋಟಕ್ಕೆ, ತೋಟದಿಂದ ಕಣಕ್ಕೆ ಮೊದಲನೆಯ ಗೇರಿನಲ್ಲಿ ತೆವಳುವ ಗಾಡಿಗೆ ಆ ಭಾಗ್ಯವೆಲ್ಲಿಯದು? ಹಳದಿ ದೀಪ ಉರಿಯುತ್ತದೆ. ಅದರ ಬೇಡಿಕೆಯನ್ನು ಈಡೇರಿಸಬೇಕಾದರೆ ಕಡೂರಿನ ಬಯಲಿನ ಕಡೆಗೊಮ್ಮೆ ಹೋಗಿ ಬರಬೇಕಾದೀತು! ನಗೆ ಬಂದರೂ ಇದನ್ನು ಅಲಕ್ಷಿಸುವಂತಿಲ್ಲ. ಮಸಿ ಕಟ್ಟಿಕೊಂಡರೆ ಇಂಜಿನ್ನಿನ ಶಕ್ತಿ ಕುಗ್ಗುತ್ತದೆ, ಸೋಸುಕವನ್ನು ಬದಲಿಸುವುದು ಬಲು ದುಬಾರಿ. ತೋಟದ ಕೆಸರು ಚಕ್ರದ ಸಂವೇದಕಕ್ಕೆ ಮೆತ್ತಿದಾಗ ಎಬಿಎಸ್ ದೀಪ ಉರಿಯುವುದೂ ಉಂಟು. ಆಗ ಸಾಮಾನ್ಯ ಬ್ರೇಕು ಕೆಲಸ ಮಾಡುತ್ತದೆ, ಜಾರುವ ನೆಲದಲ್ಲಿ ಚಕ್ರ ಬಿಗಿಯದಂತೆ ಕಾಯುವ ವ್ಯವಸ್ಥೆ ಮಾತ್ರ ಇರುವುದಿಲ್ಲ.

“ಇದೆಲ್ಲ ಮೆಕ್ಯಾನಿಕ್ಕಿನ ಕೆಲಸ, ಓಡಿಸುವವನಿಗೇಕೆ?” ಎಂದು ಕೇಳುವವರಿದ್ದಾರೆ. ರಿಪೇರಿ ಮೆಕ್ಯಾನಿಕ್ಕಿನದೇ, ಸಂದೇಹವಿಲ್ಲ. ಆದರೆ ನಿಲ್ಲಿಸಬೇಕೋ ಮುಂದುವರಿಯಬೇಕೋ ಎಂಬುದು ನಿರ್ಧಾರವಾಗುವ ಆ ಅರ್ಧ ನಿಮಿಷದಲ್ಲಿ ಮೆಕ್ಯಾನಿಕ್ ಕಳಸದಲ್ಲಿರುತ್ತಾನೆ, ವಾಹನ ಕಾಡಿನ ನಡುವೆ ಇರುತ್ತದೆ. ಕರೆ ಮಾಡಲು ಎಷ್ಟೋ ಕಡೆ ಮೊಬೈಲಿಗೆ ಸಂಕೇತವೂ ಸಿಗುವುದಿಲ್ಲ.

ಅರಿಯದವರಿಗಿಂತ ಹೆಚ್ಚಿನ ಖಂಡನೆಗೆ ಪಾತ್ರರಾಗಬೇಕಾದವರು ಅರಿತೂ ದೀಪದ ಬಾಯಿ ಮುಚ್ಚುವವರು. ಉರಿಯುವ ದೀಪದ ಮೇಲೆ ಕಪ್ಪು ಟೇಪು ಅಂಟಿಸುವವರುಂಟು. ಹಳೆಯ ಗಾಡಿಯನ್ನು ಮಾರುವಾಗ ಬಲ್ಬನ್ನೇ ಕಿತ್ತುಬಿಡುವವರುಂಟು. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಸೀಟ್ ಬೆಲ್ಟ್ ಕಟ್ಟದಿದ್ದರೆ ಸದ್ದು ಮಾಡಿ ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಯಿತು. ಆ ಸದ್ದನ್ನು ಅಡಗಿಸಲು ಬೆಲ್ಟಿಗೆ ಬದಲಾಗಿ ಸಿಕ್ಕಿಸುವ ಲೋಹದ ತುಂಡುಗಳು ಮಾರಾಟಕ್ಕೆ ಬಂದವು! 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಅವುಗಳನ್ನು ತೆಗೆದುಹಾಕುವಂತೆ ಆದೇಶಿಸಬೇಕಾಯಿತು.

ಇನ್ನೊಂದು ಬಗೆಯ ಮೌನವೂ ಇದೆ. ಜನವರಿಯ ಕೊಯ್ಲಿನ ಕಾಲ. ಹಣ್ಣು ಪಲ್ಪರಿಗೆ ಹೋಗಬೇಕು, ಆಳುಗಳು ಮನೆಗೆ ಮರಳಬೇಕು. ಕೆಂಪು ದೀಪ ಚಾಲಕನಿಗೆ ಕಾಣುತ್ತದೆ, ರಿಪೇರಿಗೆ ಹಣ ಕೊಡಬೇಕಾದವರು ಯಜಮಾನರು. ಆತನು ಹೇಳಿದರೆ, “ನೀನೇ ಹಾಳುಮಾಡಿದೆ” ಎಂಬ ಮಾತು ಬಂದೀತು. ಇಲ್ಲವೆ, “ಇದೊಂದು ಟ್ರಿಪ್ ಮುಗಿಸಿ ಬಾ, ನಾಳೆ ನೋಡೋಣ” ಎಂಬ ಅಪ್ಪಣೆಯಾದೀತು. ಹಿಂದೆ ಕುಳಿತ ಹತ್ತಾರು ಆಳುಗಳಿಗೂ, ಶಾಲೆಗೆ ಹೊರಟ ಮಕ್ಕಳಿಗೂ ಈ ಮಾತುಕತೆ ಕೇಳಿಸುವುದೇ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಸೆಕ್ಷನ್ ಇಲ್ಲಿ ನ್ಯಾಯವಾಗಿಯೇ ನಡೆದುಕೊಂಡಿದೆ. ಅಪಾಯಕ್ಕೆ ಕಾರಣವಾಗಬಲ್ಲ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವನನ್ನಷ್ಟೇ ಅಲ್ಲದೆ, ಓಡಿಸಲು ಹೇಳಿದವನನ್ನೂ ಬಿಟ್ಟವನನ್ನೂ ಅದು ಹೊಣೆಗಾರನನ್ನಾಗಿ ಮಾಡುತ್ತದೆ. ದೋಷ ಗೊತ್ತಿದ್ದರೆ ಮಾತ್ರವಲ್ಲ, ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗಬಹುದಾಗಿದ್ದರೂ ಅದು ಅಪರಾಧವೇ. ಕಣ್ಣೆದುರಿಗೆ ಕೆಂಪು ದೀಪ ಉರಿದಿರುವಾಗ ಗೊತ್ತಾಗಲಿಲ್ಲವೆಂಬ ಮಾತಿಗೆ ಎಡೆಯೆಲ್ಲಿ?

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಕಾರು ಓಡಿಸುವ ವಯಸ್ಸಾಗಿಲ್ಲ. ಅದಕ್ಕೆ ಹದಿನೆಂಟು ತುಂಬಬೇಕು. ಆದರೆ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತವರಿಗೆ ದೀಪಗಳನ್ನು ಎಣಿಸಲು ಲೈಸೆನ್ಸ್ ಬೇಕಿಲ್ಲ. ಕೀಲಿಯನ್ನು ತಿರುಗಿಸಿದೊಡನೆ, ಇಂಜಿನ್ ಹೊರಡುವುದಕ್ಕೆ ಮೊದಲು, ಮುಖ್ಯವಾದ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಉರಿಯುತ್ತವೆ. ಇಂಜಿನ್ ಹೊರಟ ಮೇಲೆ ಒಂದೊಂದಾಗಿ ಆರುತ್ತವೆ. ಆರದೆ ಉಳಿದದ್ದು ಯಾವುದು, ಮೊದಲೇ ಉರಿಯದಿದ್ದುದು ಯಾವುದು ಎಂದು ನೋಡಬೇಕು. ಉರಿಯಲೇ ಇಲ್ಲದ ಎಣ್ಣೆಯ ದೀಪ ಸದಾ ಉರಿಯುವ ದೀಪಕ್ಕಿಂತಲೂ ಹೆಚ್ಚು ಸಂಶಯಕ್ಕೆ ಪಾತ್ರವಾದುದು.

ತೋಟಗಳಲ್ಲಿ ಆಳುಗಳ ಹಾಜರಿಗೆ ಒಂದು ಪುಸ್ತಕವಿದೆ, ಕೊಯ್ದ ಹಣ್ಣಿನ ತೂಕಕ್ಕೆ ಇನ್ನೊಂದಿದೆ. ಸಂಜೆ ರೈಟರು ಕುಳಿತು ಕಿಲೋ ಲೆಕ್ಕವನ್ನೆಲ್ಲ ಅದರಲ್ಲಿ ಬರೆಯುತ್ತಾರೆ. ಅದೇ ಮೇಜಿನ ಮೇಲೆ ಜೀಪಿಗೂ ಒಂದು ಪುಸ್ತಕವಿರಬೇಕು. ಯಾವ ದಿನ, ಎಷ್ಟು ಕಿಲೋಮೀಟರಿನಲ್ಲಿ, ಯಾವ ದೀಪ ಉರಿಯಿತು ಎಂಬುದನ್ನು ಚಾಲಕ ತನ್ನ ಕೈಯಿಂದಲೇ ಬರೆಯಬೇಕು. ಅದರ ಮುಂದೆ ಏನು ಮಾಡಲಾಯಿತೆಂದು ಯಜಮಾನರು ಬರೆದು ಸಹಿ ಹಾಕಬೇಕು. ಖರ್ಚು ಒಂದು ನೋಟುಪುಸ್ತಕದ್ದು.